ಎರಡು ತಲೆ ಹಾವು ಮತ್ತು ಎಂಟೂ ಹತ್ತರ ಬಸ್ಸು

ಹೋದ ತಿಂಗಳು ಮದುವೆಯೊಂದಕ್ಕೆ ತೀರ್ಥಹಳ್ಳಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿರುವಾಗ ಎದುರಿಗೆ ಶ್ರದ್ಧಾಂಜಲಿಯ ಫ್ಲೆಕ್ಸೊಂದು ಕಾಣಿಸಿತು. ಯಾರೋ ವಯಸ್ಸಾದವರು, ಅಗಲ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನ ಪರಿಚಯದವರಲ್ಲ ಅಂದುಕೊಂಡು ಮುಂದೆ ಹೋಗುವವಳು ಸುಮ್ಮನೆ ಕೆಳಗಿನ ಸಾಲು ಓದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮಾರ್ಗದ ಚಾಲಕರು, ನಿರ್ವಾಹಕರು ಮತ್ತು ದಿನದ ಪ್ರಯಾಣಿಕರು ಎಂದಿತ್ತು. ಹನ್ನೊಂದು ವರ್ಷ ನಾನು ದಿನಾ ಓಡಾಡಿದ ಬಸ್ಸಿನ ದಾರಿ ಅದು. ಮತ್ತೊಮ್ಮೆ ಮುಖ ನೋಡಿದೆ, ಗುರುತು ಹತ್ತಲಿಲ್ಲ. ಒಂದು ಪಕ್ಕಕ್ಕೆ ಸರಿದು ಎಡಗಡೆಯಿಂದ ನೋಡಿದೆ. ಫ್ಲೆಕ್ಸನ್ನು ಪಕ್ಕದಿಂದ ನೋಡಿದರೆ ಮುಖದ ಪಕ್ಕ ಕಾಣುವುದಿಲ್ಲ ಎಂಬಷ್ಟು ಬುದ್ಧಿಯೂ ಆ ಹೊತ್ತಿಗೆ ನನಗಿರಲಿಲ್ಲ.

ವಿಷಯ ಏನೆಂದರೆ, ಹನ್ನೊಂದು ವರ್ಷ ನಾನು ನೋಡಿದ್ದು ಅವರ ಎಡಗೆನ್ನೆ ಮಾತ್ರ. ಎಡಗೆನ್ನೆ, ಎಡಗಿವಿ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ತುಂಡು, ಮೇಲಿನ ಕನ್ನಡಿಯಲ್ಲಿ ಒಂದಿಷ್ಟು ಹಣೆ. ಇಡೀ ಮುಖ ಒಟ್ಟಿಗೆ ಸಿಕ್ಕಿದ್ದು ಬಹಳ ಕಡಿಮೆ. ಹೆಸರನ್ನು ಓದಿದ್ದೂ ಆ ಫ್ಲೆಕ್ಸಿನಲ್ಲೇ ಮೊದಲ ಸಲ. ಅದನ್ನಿಲ್ಲಿ ಬರೆಯುವುದಿಲ್ಲ. ನಾವು ಯಾರೂ ಅವರನ್ನು ಆ ಹೆಸರಿನಿಂದ ಕರೆದವರಲ್ಲ. ಡ್ರೈವರಣ್ಣ ಅಂತಲೇ ಕರೆದದ್ದು, ಅದಕ್ಕೇ ಓಗೊಟ್ಟಿದ್ದು.

ನನ್ನ ಮನೆ ಸಾಗರದಲ್ಲಿ, ಕೆಲಸ ಹೊಸನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ. ಬೆಳಿಗ್ಗೆ ಎಂಟೂ ಹತ್ತಕ್ಕೆ ಸಾಗರ ಬಿಡುವ ಅವರ ಬಸ್ಸು ನನ್ನನ್ನು ಹೊಸನಗರದಲ್ಲಿ ಇಳಿಸಿ ತೀರ್ಥಹಳ್ಳಿಗೆ ಹೋಗುತ್ತಿತ್ತು. ಇಂಜಿನ್ನಿನ ಪಕ್ಕ ಹೆಂಗಸರಿಗೆಂದು ಉದ್ದದ ಸೀಟೊಂದು ಇರುತ್ತದಲ್ಲ, ಅದರ ತುದಿ ನನ್ನದು. ಬೇಸಿಗೆಯಲ್ಲಿ ಕಾಲು ಬೇಯುವ ಜಾಗ, ಆದರೆ ರಸ್ತೆ ಪೂರ್ತಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ ಮಾತಾಡಲಿಕ್ಕೆ ಎದುರಿಗೊಬ್ಬರು ಸಿಗುತ್ತಾರೆ. ನನಗೆ ಮಾತು ಬೇಕು. ನನ್ನ ಯಜಮಾನರ ಪ್ರಕಾರ ನನಗೆ ಸಂಬಳ ಬರದಿದ್ದರೂ ನಡೆದೀತು, ಕೇಳುವ ಕಿವಿ ಇಲ್ಲದಿದ್ದರೆ ನಡೆಯದು.

ಡ್ರೈವರಣ್ಣನ ಕಿವಿ ಬಹಳ ಒಳ್ಳೆಯ ಕಿವಿ. ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಲ್ಲವನ್ನೂ ಕೇಳುತ್ತಿದ್ದರು. ಉತ್ತರ ಮಾತ್ರ ಒಂದು ತಿರುವು ತಡವಾಗಿ ಬರುತ್ತಿತ್ತು. ನಾನು ಈ ತಿರುವಿನಲ್ಲಿ ಕೇಳಿದ್ದಕ್ಕೆ ಅವರು ಮುಂದಿನ ತಿರುವು ದಾಟಿದ ಮೇಲೆ ಉತ್ತರಿಸುವರು. ಅಷ್ಟರಲ್ಲಿ ನಾನು ಬೇರೆ ವಿಷಯಕ್ಕೆ ಹೋಗಿರುತ್ತಿದ್ದೆ. ಹೊಸಬರಿಗೆ ನಮ್ಮಿಬ್ಬರ ಮಾತು ಕೇಳಿದರೆ ತಲೆ ಕೆಡಬೇಕು. ಬಸ್ಸಿಗಾಗಿ ಓಡಿ ಬರುವವರನ್ನು ಕಂಡರೆ ನಿಧಾನ ಮಾಡಿ, ಓಡಬೇಡಿ, ಇದು ನಿಮ್ಮದೇ ಬಸ್ಸು ಎನ್ನುತ್ತಿದ್ದರು. ಎಷ್ಟು ಹೊತ್ತಿಗೆ ತಲುಪುತ್ತೀವಿ ಎಂದು ಯಾರಾದರೂ ಕೇಳಿದರೆ, ರಸ್ತೆ ಬಿಟ್ಟಾಗ ಎನ್ನುವುದು ಅವರ ಖಾಯಂ ಉತ್ತರ.

ಆ ಉತ್ತರದ ಅರ್ಥ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ವರ್ಷದ ಜೂನಿನಲ್ಲಿ. ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಕಾಡಿನ ನಡುವೆ ಬಸ್ಸು ಗಕ್ಕನೆ ನಿಂತಿತು. ಹಿಂದಿನಿಂದ ಕಂಡಕ್ಟರು ಹಣೆಗೆ ಕೈ ಹಚ್ಚಿಕೊಂಡು, ಶುರುವಾಯಿತು ಇವರದು, ಟೈಮಿಂಗ್ ಹೋಯಿತು ಎಂದು ಗೊಣಗಿದರು. ನಮ್ಮ ಕಡೆ ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಎಂದರೆ ಪ್ರಾಣ. ಹಿಂದೆಯೇ ಇನ್ನೊಬ್ಬರ ಬಸ್ಸು ಬರುತ್ತಿರುತ್ತದೆ, ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನ ಜನ ಅದಕ್ಕೆ ಹತ್ತಿರುತ್ತಾರೆ. ಅದ್ಯಾವುದೂ ಗೊತ್ತಿಲ್ಲದವರ ಹಾಗೆ ಡ್ರೈವರಣ್ಣ ಸೀಟಿನ ಹಿಂದಿನಿಂದ ಅಡಿಕೆ ಹಾಳೆಯ ತುಂಡೊಂದನ್ನು ತೆಗೆದುಕೊಂಡು ಕೆಳಗಿಳಿದರು. ರಸ್ತೆಯ ನಡುವಿನಿಂದ ಏನನ್ನೋ ಹಾಳೆಯ ಮೇಲೆ ಎತ್ತಿಕೊಂಡು ಪಕ್ಕದ ಧರೆಯ ಬುಡದಲ್ಲಿ ಬಿಟ್ಟು ಬಂದರು. ಧರೆ ಎಂದರೆ ಗುಡ್ಡ ಕಡಿದು ರಸ್ತೆ ಮಾಡಿದಾಗ ಪಕ್ಕದಲ್ಲಿ ಗೋಡೆಯ ಹಾಗೆ ನಿಲ್ಲುತ್ತದಲ್ಲ, ಆ ಮಣ್ಣು.

ಏನದು ಎಂದು ಕೇಳಿದೆ. ಎರಡು ತಲೆ ಹಾವು ಎಂದರು, ಒಂದು ತಿರುವಾದ ಮೇಲೆ. ನಾನು ಕಾಲು ಮೇಲೆ ಎತ್ತಿಕೊಂಡು ಕುಳಿತೆ.

ಎರಡು ತಲೆ ಹಾವಿನ ಬಗ್ಗೆ ನನಗೆ ಗೊತ್ತಿದ್ದುದು ಅತ್ತೆಯವರು ಹೇಳಿದ್ದು. ಆರು ತಿಂಗಳು ಈ ತಲೆಯಿಂದ ನಡೆಯುತ್ತದೆ, ಆರು ತಿಂಗಳು ಆ ತಲೆಯಿಂದ. ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ನಾನದನ್ನು ಐದನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಬೇರೆ ಮಾಡಿದ್ದೆ. ಇದನ್ನು ಹೇಳಿದಾಗ ಡ್ರೈವರಣ್ಣ ನಗಲಿಲ್ಲ. ಅವರಿಗೆ ನನ್ನ ಮೇಲೆ ಗೌರವವಿತ್ತು, ಶಾಲೆಯ ಅಕ್ಕೋರು ಎಂದರೆ ಅಕ್ಕೋರೇ. ಮುಂದಿನ ಸಲ ಬಸ್ಸು ನಿಂತಾಗ ನನ್ನನ್ನೂ ಕೆಳಗಿಳಿಸಿದರು.

ನನ್ನ ಕೈಬೆರಳಿನಷ್ಟು ದಪ್ಪ, ಒಂದೂವರೆ ಗೇಣು ಉದ್ದ. ಕಪ್ಪು ಎಂದುಕೊಂಡದ್ದು ಬಿಸಿಲಿಗೆ ತಿರುಗಿಸಿದಾಗ ನೇರಳೆ, ನೀಲಿ, ಹಸಿರು ಎಲ್ಲ ಹೊಳೆಯಿತು. ಪಕ್ಕದಲ್ಲಿ ಹಳದಿ ಚುಕ್ಕೆ. ಚೂಪು ಮೂತಿ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ಕಣ್ಣು. ಬಾಲದ ತುದಿ ಮಾತ್ರ ಕತ್ತಿಯಿಂದ ಓರೆಯಾಗಿ ಕಡಿದ ಹಾಗೆ ಮೊಂಡು, ಮುಟ್ಟಿದರೆ ಉಪ್ಪುಕಾಗದದಂತೆ ಒರಟು. ಆ ಒರಟಿಗೆ ಮಣ್ಣು ಮೆತ್ತಿಕೊಂಡು ಟೊಪ್ಪಿಗೆಯಾಗಿತ್ತು. ಬಿಲದೊಳಗೆ ಹೋದ ಮೇಲೆ ಆ ಟೊಪ್ಪಿಗೆಯೇ ಬಾಗಿಲು, ಹಿಂದಿನಿಂದ ಯಾರೂ ಬರದ ಹಾಗೆ. ಯಾರಾದರೂ ಕೆಣಕಿದರೆ ತಲೆಯನ್ನು ಮೈಯ ಕೆಳಗೆ ಹುದುಗಿಸಿಕೊಂಡು ಬಾಲ ಎತ್ತುತ್ತದೆ. ನೋಡಿದವರು ಅದೂ ಒಂದು ತಲೆ ಎಂದುಕೊಳ್ಳುತ್ತಾರೆ. ಇಷ್ಟೇ ಕತೆ.

"ವಿಷ ಇಲ್ಲ, ಕಚ್ಚದೂ ಇಲ್ಲ ಅಕ್ಕೋರೆ. ಎರೆಹುಳ ತಿನ್ಕೊಂಡು ಮಣ್ಣಲ್ಲಿ ಇರೋದು, ಪಾಪ. ಹಿಂದೂ ಮುಂದೂ ಎರಡೂ ಕಡೆ ಹೋಗೋದು ನಮ್ ಬಸ್ ಒಂದೇ. ಅದೂ ರಿವರ್ಸ್ ಬಿದ್ರೆ."

ಮಾರನೆಯ ದಿನ ಬೋರ್ಡಿನ ಮೇಲೆ ಹೊಸ ಚಿತ್ರ ಬರೆದು, ನಿನ್ನೆಯವರೆಗೆ ಹೇಳಿದ್ದು ತಪ್ಪು ಎಂದು ಮಕ್ಕಳಿಗೆ ತಿಳಿಸಿದೆ. ನನ್ನ ಇಡೀ ನೌಕರಿಯಲ್ಲಿ ಹಾಗೆ ಹೇಳಿದ್ದು ಅದೊಂದೇ ಸಲ.

ಹೀಗೆ ಹನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಹಾವುಗಳ ಸಂಸಾರವೆಲ್ಲ ನನಗೆ ಗೊತ್ತಾಗಿಬಿಟ್ಟಿತ್ತು. ಬೇಸಿಗೆಯಲ್ಲಿ ಅವು ಮಣ್ಣಿನ ಆಳಕ್ಕೆ ಇಳಿದಿರುತ್ತವೆ. ಮಳೆ ಬಿದ್ದು ಮಣ್ಣು ಸಡಿಲವಾದರೆ ಮೇಲೆ ಬರುತ್ತವೆ. ತರಗೆಲೆಯ ಅಡಿ, ಬಿದ್ದ ಮರದ ಬುಡ, ಗೊಬ್ಬರಗುಂಡಿ, ಬಾಳೆಯ ಬುಡ, ತಂಪಿರುವ ಧರೆ, ಎಲ್ಲೆಲ್ಲಿ ಎರೆಹುಳವೋ ಅಲ್ಲೆಲ್ಲ ಅವು. ಮಳೆ ಬಿಟ್ಟು ಚುರುಕು ಬಿಸಿಲು ಬಂದ ದಿನ ರಸ್ತೆ ದಾಟಲು ಹೊರಡುತ್ತವೆ. ಮಣ್ಣಿನೊಳಗೆ ಅಷ್ಟು ಚುರುಕಾಗಿರುವ ಪ್ರಾಣಿಗೆ ಡಾಂಬರಿನ ಮೇಲೆ ಹಿಡಿತವೇ ಸಿಗುವುದಿಲ್ಲ. ಅಲ್ಲೇ ಹೊರಳಾಡುತ್ತಿರುತ್ತವೆ, ಅಷ್ಟರಲ್ಲಿ ಬಸ್ಸು ಬರುತ್ತದೆ.

ಡ್ರೈವರಣ್ಣ ಒಂದು ಹಾವನ್ನು ನೋಡಿ, ಇದು ಹೊಸನಗರದ್ದು, ತೀರ್ಥಹಳ್ಳಿ ಕಡೆಯದ್ದರ ಚುಕ್ಕೆ ಬೇರೆ ಎನ್ನುತ್ತಿದ್ದರು. ಮಾತು ಕೇಳಿ ಊರು ಹೇಳುವ ಹಾಗೆ ಹಾವಿಗೂ ಹೇಳುತ್ತಾರಲ್ಲ ಎಂದು ನಾನು ಸಿಕ್ಕಸಿಕ್ಕವರ ಹತ್ತಿರ ತಮಾಷೆ ಮಾಡಿದ್ದೇ ಮಾಡಿದ್ದು. ಆಮೇಲೊಂದು ದಿನ ಶಾಲೆಗೆ ಬಂದ ಪುಸ್ತಕದಲ್ಲಿ ಓದಿದರೆ, ಈ ಜಾತಿಯ ಹಾವುಗಳು ಇರುವುದೇ ನಮ್ಮ ಘಟ್ಟದ ಸಾಲಿನಲ್ಲಿ ಮತ್ತು ಲಂಕೆಯಲ್ಲಿ, ದೂರ ಹೋಗಲಾರದ ಪ್ರಾಣಿಯಾದ್ದರಿಂದ ಒಂದೊಂದು ಗುಡ್ಡದ ಕಡೆಯದು ಒಂದೊಂದು ಬಗೆ ಎಂದಿತ್ತು. ಅದನ್ನು ಅವರಿಗೆ ಓದಿ ಹೇಳಿದೆ. ಪುಸ್ತಕದವರು ಯಾವ ಬಸ್ಸಿನಲ್ಲಿ ಬಂದಿದ್ದರಂತೆ ಎಂದು ಕೇಳಿದರು.

ಯಾಕೆ ಇಷ್ಟು ಕಷ್ಟಪಟ್ಟು ನಿಲ್ಲಿಸುತ್ತೀರಿ ಎಂದು ಮೂರು ಸಲ ಕೇಳಿದ್ದೆ. ಮೂರು ಉತ್ತರ ಸಿಕ್ಕಿತು. ಒಮ್ಮೆ, ನಮ್ಮ ಅಬ್ಬೆ ಇದನ್ನು ಮಣ್ಣಿನ ಒಕ್ಕಲು ಅನ್ನುತ್ತಿದ್ದರು, ಅದು ಉತ್ತ ಮಣ್ಣಲ್ಲೇ ನಾವು ಬೆಳೆದದ್ದು ಎಂದರು. ಇನ್ನೊಮ್ಮೆ, ಸೊಂಟ ಹಿಡಿಯುತ್ತದೆ, ಇಳಿದು ಹತ್ತಿದರೆ ಸಡಿಲವಾಗುತ್ತದೆ ಎಂದರು. ಮೂರನೆಯ ಸಲ ಒಂದಲ್ಲ, ನಾಲ್ಕು ತಿರುವು ಕಳೆದರೂ ಉತ್ತರ ಬರಲಿಲ್ಲ. ಕೊನೆಗೆ, ಕಂಡ ಮೇಲೆ ಚಕ್ರ ಹತ್ತಿಸಲಿಕ್ಕೆ ಆಗುವುದಿಲ್ಲ ಎಂದಷ್ಟೇ ಹೇಳಿದರು.

ಇನ್ನು ನನ್ನ ಬಾಯಿಯ ವಿಷಯಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ.

ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿ ಅಲ್ಲಲ್ಲಿ ಧರೆ ಕಡಿದು ಸಿಮೆಂಟಿನ ಗೋಡೆ ಕಟ್ಟಿದರು. ಅಂಥ ಜಾಗದಲ್ಲಿ ಹಾವು ಸಿಕ್ಕಿದರೆ ಬಿಡುವುದೆಲ್ಲಿ? ಗೋಡೆಗೆ ಮೂತಿ ಒತ್ತಿ ಒತ್ತಿ ಮತ್ತೆ ರಸ್ತೆಗೇ ಬರುತ್ತದೆ. ಅದಕ್ಕೆ ಡ್ರೈವರಣ್ಣ ಹಳೆಯ ಬಿಸ್ಕತ್ತಿನ ಡಬ್ಬದ ಮುಚ್ಚಳಕ್ಕೆ ತೂತು ಹೊಡೆದು, ಒಳಗೆ ಹಸಿ ಮಣ್ಣು ಹಾಕಿ, ಸೀಟಿನ ಕೆಳಗೆ ಇಟ್ಟುಕೊಂಡರು. ಗೋಡೆ ಇರುವಲ್ಲಿ ಸಿಕ್ಕಿದ್ದನ್ನು ಡಬ್ಬಕ್ಕೆ ಹಾಕಿ, ಮುಂದೆ ಮೆತ್ತನೆಯ ಧರೆ ಸಿಕ್ಕಿದಲ್ಲಿ ಇಳಿಸುವುದು. ಟಿಕೆಟ್ ಇಲ್ಲದ ಪ್ಯಾಸೆಂಜರು ಎಂದು ಕಂಡಕ್ಟರು ಬೈಯುತ್ತಿದ್ದರು.

ಆ ವರ್ಷ ಶಿವಮೊಗ್ಗದಲ್ಲಿ ನಮಗೆ ಐದು ದಿನದ ತರಬೇತಿ ಇತ್ತು. ಬಯಲುಸೀಮೆಯ ಕಡೆಯ ಮೇಷ್ಟರುಗಳೂ ಬಂದಿದ್ದರು. ಊಟದ ಹೊತ್ತಿನಲ್ಲಿ ಎಲ್ಲರೂ ತಂತಮ್ಮ ಊರಿನ ಬಡಾಯಿ ಕೊಚ್ಚುವಾಗ ನಾನೂ ಬಿಡಲಿಲ್ಲ. ನಮ್ಮ ಬಸ್ಸಿನ ಡ್ರೈವರ್ ಸೀಟಿನ ಕೆಳಗೆ ಡಬ್ಬದಲ್ಲಿ ಎರಡು ತಲೆ ಹಾವು ಇಟ್ಟುಕೊಂಡೇ ಬಸ್ಸು ಓಡಿಸುತ್ತಾರೆ ಎಂದೆ. ಒಬ್ಬ ಮೇಷ್ಟರು ಅನ್ನ ಕಲಸುವುದನ್ನು ನಿಲ್ಲಿಸಿ, ನಿಜವಾದ ಎರಡು ತಲೆಯದೇ ಮೇಡಂ ಎಂದು ಕೇಳಿದರು. ನಿಜವಾದದ್ದೇ, ನಾನೇ ಕೈಯಲ್ಲಿ ಹಿಡಿದಿದ್ದೇನೆ ಎಂದೆ. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಕೇಳಿದರು. ಕಾಗದದ ಮೇಲೆ ಬರೆದು ಕೊಡುವುದೊಂದು ಬಾಕಿ, ಉಳಿದದ್ದೆಲ್ಲ ಹೇಳಿದೆ.

ನನಗೆ ಗೊತ್ತಿರಲಿಲ್ಲ. ಬಯಲುಸೀಮೆಯಲ್ಲಿ ಎರಡು ತಲೆ ಹಾವು ಎಂದರೆ ಮಣ್ಣುಮುಕ್ಕ. ತೋಳಿನ ದಪ್ಪ ಬೆಳೆಯುವ, ಕೆಂಪು ಮಣ್ಣಿನ ಬಣ್ಣದ, ಅದೂ ವಿಷವಿಲ್ಲದ ಪಾಪದ ಹಾವು. ಅದು ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ ಎಂದು ನಂಬುವವರಿದ್ದಾರೆ, ಅವರಿಗೆ ಕದ್ದು ಮಾರುವವರಿದ್ದಾರೆ, ಮಾರುವವರನ್ನು ಹಿಡಿಯುವವರೂ ಇದ್ದಾರೆ. ಹೆಸರು ಒಂದೇ, ಹಾವು ಬೇರೆ. ನಮ್ಮ ಬೆರಳು ದಪ್ಪದ ಬಡಪಾಯಿಗೆ ನಾನು ಲಕ್ಷದ ಬೆಲೆ ಕಟ್ಟಿ ಬಂದಿದ್ದೆ.

ಅದಾಗಿ ಒಂದು ವಾರಕ್ಕೆ, ಹೊಸನಗರ ಇನ್ನೂ ಸ್ವಲ್ಪ ದೂರ ಇರುವಾಗ, ಜೀಪೊಂದು ಅಡ್ಡ ನಿಂತಿತ್ತು. ಅರಣ್ಯದವರು. ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು, ಜೊತೆಗೆ ತಲೆ ನೆರೆತ ವಾಚರು. ಅಧಿಕಾರಿ ಈ ಕಡೆಗೆ ಹೊಸಬರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಎರಡು ತಲೆ ಹಾವು ಸಾಗಿಸುತ್ತಿರುವ ಬಗ್ಗೆ ಮಾಹಿತಿ ಬಂದಿದೆ ಎಂದರು. ಅನ್ನ ಕಲಸುವುದನ್ನು ನಿಲ್ಲಿಸಿದ ಆ ಮೇಷ್ಟರು ನನಗೆ ನೆನಪಾದರು. ಡ್ರೈವರಣ್ಣ ಸೀಟಿನ ಕೆಳಗಿನಿಂದ ಡಬ್ಬ ತೆಗೆದು ಕೈಗೆ ಕೊಟ್ಟರು. ಗ್ರಹಚಾರಕ್ಕೆ ಅವತ್ತು ಡಬ್ಬ ಖಾಲಿ ಇರಲಿಲ್ಲ.

ಮುಚ್ಚಳ ತೆಗೆದರೆ ಒಂದಲ್ಲ, ಏಳು. ದಾರಿಯಲ್ಲಿ ಹತ್ತಿಸಿಕೊಂಡದ್ದು ಬಸುರಿ, ಡಬ್ಬದಲ್ಲೇ ಹೆತ್ತಿತ್ತು. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಕಡ್ಡಿಯಷ್ಟು ದಪ್ಪದ ಆರು ಮರಿ, ಪ್ರತಿಯೊಂದಕ್ಕೂ ಪುಟ್ಟ ಮೊಂಡು ಬಾಲ. ಬಸ್ಸಿಗೆ ಬಸ್ಸೇ ಕಿಟಕಿಯಿಂದ ಹೊರಗೆ ಬಗ್ಗಿತು. ಅಧಿಕಾರಿಯ ಮುಖದಲ್ಲಿ ಕೋಪ ಇರಬೇಕಿತ್ತು, ಗಾಬರಿ ಇತ್ತು. ವಾಚರು ಇಣುಕಿ ನೋಡಿ ನಗಲು ಶುರು ಮಾಡಿದರು.

"ಇದು ನಮ್ಮೂರಿನ ಎರಡ್ತಲೆ ಸಾರ್, ನೀವು ಹುಡುಕೋ ಎರಡ್ತಲೆ ಅಲ್ಲ. ಇದನ್ನ ಯಾರೂ ಕೊಳ್ಳಲ್ಲ. ಧರೆ ಕೆರೆದ್ರೆ ಬೇಕಾದಷ್ಟು ಸಿಕ್ತಾವೆ."

ಅಧಿಕಾರಿ ಒಳ್ಳೆಯವರು, ಹೇಳಬೇಕಾದ ಮಾತು. ಯಾವ ಹಾವೇ ಆಗಲಿ ಡಬ್ಬದಲ್ಲಿಟ್ಟುಕೊಂಡು ತಿರುಗುವಂತಿಲ್ಲ ಎಂದು ಕಾನೂನು ವಿವರಿಸಿ, ಇನ್ನು ಹಾಗೆ ಮಾಡುವುದಿಲ್ಲ ಎಂದು ಬರೆಸಿಕೊಂಡು, ಏಳನ್ನೂ ತಾವೇ ಹಾಳೆಯ ಮೇಲೆ ಒಯ್ದು ಧರೆಯ ಬುಡದಲ್ಲಿ ಬಿಟ್ಟರು. ಕೊನೆಯ ಮರಿಯನ್ನು ಅಂಗೈ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಹಿಂದಿನ ಬಸ್ಸು ನಮ್ಮನ್ನು ದಾಟಿ ಹೋಗಿತ್ತು. ಅಷ್ಟೇ ಆಗಿದ್ದರೆ ಮುಗಿಯುತ್ತಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಮಧ್ಯಾಹ್ನಕ್ಕೆ ಮೂರು ತಾಲೂಕು ಸುತ್ತಿತು. ಎರಡು ತಲೆ ಹಾವು ಸಾಗಿಸುತ್ತಿದ್ದ ಬಸ್ ಚಾಲಕ ಸಿಕ್ಕಿಬಿದ್ದ ಎಂದು ಅದರ ತಲೆಬರಹ. ವಾಚರು ನಕ್ಕದ್ದು, ಮರಿ ಬಿಟ್ಟದ್ದು ಯಾವುದೂ ಅದರಲ್ಲಿರಲಿಲ್ಲ.

ಓನರ್ ತೀರ್ಥಹಳ್ಳಿಯವರು, ಹೆಸರಿಗೆ ಅಂಜುವ ಮನುಷ್ಯ. ಮಾರನೆಯ ದಿನದಿಂದ ಮನೆಯಲ್ಲಿರು ಎಂದುಬಿಟ್ಟರು. ಇಪ್ಪತ್ತೈದು ವರ್ಷ ಅದೇ ದಾರಿಯಲ್ಲಿ ಓಡಿಸಿದ ಮನುಷ್ಯನಿಗೆ ಬೇರೆ ಕೆಲಸ ಗೊತ್ತಿಲ್ಲ, ವಿಡಿಯೋ ನೋಡಿದ ಮೇಲೆ ಬೇರೆ ಓನರ್ ಯಾರೂ ಕರೆಯುವುದಿಲ್ಲ. ಇದನ್ನು ಹೇಳಿದವರು ಕಂಡಕ್ಟರು. ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿ ಅತ್ತೆ. ಅವರು ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ.

"ನಿನ್ನ ಬಾಯಿಗೆ ಒಂದು ಬೀಗವೇ ಇಲ್ಲೆ ಮಾರಾಯ್ತಿ. ಈಗ ಅತ್ತು ಎಂತ ಮಾಡದು?"

ಹೊಸ ಡ್ರೈವರ್ ಬಂದ. ಟೈಮಿಂಗ್ ಅಂದರೆ ಟೈಮಿಂಗ್. ತಿರುವಿನಲ್ಲಿ ನಾವೆಲ್ಲ ಒಬ್ಬರ ಮಡಿಲಿಗೆ ಒಬ್ಬರು ಬೀಳುತ್ತಿದ್ದೆವು. ಮೀನು ಮಾರುವ ಅಜ್ಜಿಯ ಬುಟ್ಟಿ ಎರಡು ಸಲ ಮಗುಚಿ ಬಸ್ಸೆಲ್ಲ ನಾರಿತು. ನಾನು ಮಾತಾಡಲಿಲ್ಲ. ಮಾತಾಡುವ ಮುಖವೂ ಇರಲಿಲ್ಲ, ಕೇಳುವ ಕಿವಿಯೂ ಇರಲಿಲ್ಲ. ನಾಲ್ಕನೇ ದಿನ ಒಂದು ಅರ್ಜಿ ಬರೆದೆ. ಹಳೆಯ ಡ್ರೈವರಣ್ಣನೇ ನಮಗೆ ಬೇಕು, ತಡವಾದರೂ ಬೇಕು ಎಂದು. ಮೊದಲು ಸಹಿ ಹಾಕಿದವರು ಆ ಗೊಣಗುವ ಕಂಡಕ್ಟರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಇನ್ನೊಂದು ಒತ್ತಲಾ ಎಂದು ಕೇಳಿದರು. ಅದನ್ನು ನೋಡಿ ಓನರ್ ಕರಗಿದರೋ, ಹೊಸ ಡ್ರೈವರ್ ಬಸ್ಸಿನ ಕನ್ನಡಿ ಒಡೆದುಕೊಂಡು ಬಂದದ್ದಕ್ಕೆ ಬೇಸತ್ತರೋ ತಿಳಿಯದು. ಎರಡು ವಾರಕ್ಕೆ ಡ್ರೈವರಣ್ಣ ಮತ್ತೆ ಸೀಟಿನಲ್ಲಿದ್ದರು. ಡಬ್ಬ ಇರಕೂಡದು, ಟೈಮಿಂಗ್ ಒಂದು ದಿನ ತಪ್ಪಿದರೂ ಅದೇ ಕೊನೆ ಎಂಬ ಷರತ್ತಿನ ಮೇಲೆ.

ಡಬ್ಬ ಹೋಯಿತು. ನಿಲ್ಲಿಸುವುದು ಹೋಗಲಿಲ್ಲ. ಸಿಮೆಂಟಿನ ಗೋಡೆ ಇರುವಲ್ಲಿ ಹಾಳೆ ಹಿಡಿದು ಗೋಡೆ ಮುಗಿಯುವವರೆಗೂ ನಡೆದುಕೊಂಡೇ ಹೋಗಿ ಬಿಟ್ಟು ಬರುವರು. ಆದರೂ ಟೈಮಿಂಗ್ ತಪ್ಪುತ್ತಿರಲಿಲ್ಲ. ಅದು ಹೇಗೆ ಎಂಬುದು ನನಗೆ ತಡವಾಗಿ ಗೊತ್ತಾಯಿತು. ಹೊಸನಗರದ ಸ್ಟ್ಯಾಂಡಿನಲ್ಲಿ ಇಳಿದು ಚಾ ಕುಡಿಯುವುದನ್ನು ಬಿಟ್ಟಿದ್ದರು, ಆ ಹೊತ್ತನ್ನು ಹಾವಿಗೆ ಕೊಟ್ಟಿದ್ದರು. ಅಂದಿನಿಂದ ನಾನು ಮನೆಯಿಂದ ಫ್ಲಾಸ್ಕಿನಲ್ಲಿ ಚಾ ತರಲು ಶುರುಮಾಡಿದೆ. ಮೊದಲ ದಿನ ಲೋಟ ಕೊಡುವಾಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ತರಬೇತಿ, ಊಟ, ಮೇಷ್ಟರು, ನನ್ನ ಬಾಯಿ. ಇಂಜಿನ್ ನಿಂತಿತ್ತು, ಎದುರಿಗೆ ತಿರುವೇ ಇರಲಿಲ್ಲ, ಆದರೂ ಅವರ ಉತ್ತರ ತಡವಾಯಿತು.

"ಗೊತ್ತು ಅಕ್ಕೋರೆ. ನೀವು ಟ್ರೇನಿಂಗ್ ಮುಗ್ಸಿ ಬಂದ ವಾರನೇ ಬಂದ್ರಲ್ಲ ಅವ್ರು. ಆದ್ರೆ ನೀವು ಸುಳ್ಳೇನೂ ಹೇಳ್ಲಿಲ್ವಲ್ಲ. ಚಾಕ್ಕೆ ಸಕ್ರೆ ಸ್ವಲ್ಪ ಕಮ್ಮಿ ಆಯ್ತು."

ಮರುದಿನದಿಂದ ಸಕ್ಕರೆ ಜಾಸ್ತಿ ಹಾಕಿದೆ. ಮನಸ್ಸು ಅಷ್ಟು ಹಗುರವಾಗಿ ನಾನು ಶಾಲೆಗೆ ಹೋದ ದಿನಗಳು ಬೇರೆ ಇಲ್ಲ.

ಹೀಗೆ ಮತ್ತೆ ಮೂರು ವರ್ಷ ನಡೆಯಿತು. ಹನ್ನೊಂದನೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ, ಮಳೆ ಬಿಟ್ಟು ಬಿಸಿಲು ಬಿದ್ದು ರಸ್ತೆ ಹೊಗೆಯಾಡುತ್ತಿತ್ತು. ಯಜಮಾನರು ಹೊಸ ಸ್ಕೂಟರ್ ಕಲಿಯಲು ಹೋಗಿ ಕೊಟ್ಟಿಗೆಯೊಳಗೆ ನುಗ್ಗಿಸಿದ ಕತೆಯನ್ನು ನಾನು ಹೇಳುತ್ತಿದ್ದೆ. ಮುಂದೆ ರಸ್ತೆಯ ಮೇಲೆ ಕಪ್ಪಗೆ ಹೊಳೆಯುವುದು ಕಂಡಿತು. ಈಗ ಬ್ರೇಕ್ ಹಾಕುತ್ತಾರೆ ಎಂದು ಅಭ್ಯಾಸದಿಂದ ಸರಳು ಹಿಡಿದುಕೊಂಡೆ. ಬ್ರೇಕ್ ಬೀಳಲಿಲ್ಲ. ಬಸ್ಸು ಅದೇ ವೇಗದಲ್ಲಿ ಅದರ ಮೇಲೆ ಹೋಯಿತು. ನನ್ನ ಮಾತು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟಿತು.

"ಎಂತಕ್ಕೆ ಮಾತು ನಿಂತೋಯ್ತು ಅಕ್ಕೋರೆ?"

ಏನಿಲ್ಲ, ಗಂಟಲು ಒಣಗಿತು ಎಂದೆ. ನನ್ನ ಬಾಯಿ ಒಂದು ಸಲವಾದರೂ ಮುಚ್ಚಿಕೊಂಡಿರಲಿ ಎಂದು ದೇವರನ್ನು ಬೇಡಿಕೊಂಡೆ. ಒಂದು ತಿರುವು ಕಳೆಯಿತು.

"ನಿಮ್ ಗಂಟ್ಲು ಒಣಗಿದ್ದು ನಾ ಒಂದಿನನೂ ನೋಡ್ಲಿಲ್ಲ."

ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಹಾಳೆ ತೆಗೆದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಕಂಡಕ್ಟರು ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಕೈಯೆಲ್ಲ ಮಣ್ಣು ಮಾಡಿಕೊಂಡು ಬಂದು, ಹತ್ತುವ ಬದಲು ಕೆಳಗೇ ನಿಂತು, ಕಂಡಕ್ಟರನ್ನು ಕರೆದು ಕೀ ಕೊಟ್ಟರು. ಕಂಡಕ್ಟರಿಗೂ ಲೈಸೆನ್ಸ್ ಇತ್ತು, ಇವರು ಮದುವೆ ಮುಂಜಿಗೆ ಹೋದ ದಿನ ಓಡಿಸುತ್ತಿದ್ದವರು ಅವರೇ. ಅವರು ಕೀ ಹಿಡಿಯಲಿಲ್ಲ. ಒಂದು ಹಾವಿಗೆ ಹೀಗೆ ಮಾಡಿದರೆ ಹೇಗಣ್ಣ, ಎಲ್ಲರ ಚಕ್ರಕ್ಕೂ ಸಿಗುತ್ತವೆ ಎಂದರು.

"ಹಾವಿಗಲ್ಲ ಮಾರಾಯ. ಕಂಡು ಹತ್ಸಿದ್ರೆ ಅದು ಬೇರೆ. ನಂಗೆ ಕಾಣ್ಲೇ ಇಲ್ಲ. ಎರಡು ತಿಂಗ್ಳಿಂದ ಮಂಜು ಮಂಜು, ಗಾಜು ಒರೆಸ್ಕ್ಯಂಡು ಒರೆಸ್ಕ್ಯಂಡು ಓಡಿಸ್ತಿದ್ದೆ. ಹಾವು ಕಾಣದ ಕಣ್ಣಿಗೆ ನಾಳೆ ಅಕ್ಕೋರ ಶಾಲೆ ಮಕ್ಳು ಕಾಣ್ತಾರಾ?"

ಕಂಡಕ್ಟರು ಕೀ ತೆಗೆದುಕೊಂಡರು. ಈ ಸೀಟು ಹೋಗುತ್ತದೆಂದು ಊರಿಗೆ ಊರೇ ಹೆದರಿದ್ದೆವು, ಸಹಿ ಹಾಕಿದ್ದೆವು, ಕಾಯ್ದುಕೊಂಡಿದ್ದೆವು. ಅದನ್ನವರು ಯಾರೂ ಕೇಳದೆ, ರಸ್ತೆ ಬದಿಯಲ್ಲಿ ನಿಂತು ಬಿಟ್ಟುಕೊಟ್ಟರು. ನನಗೆ ಅಳು ಬಂತು, ಅತ್ತೆ.

ಮುಂದೆಲ್ಲ ಸೀಟು ಭರ್ತಿ. ಅವರು ನಡುವಿನ ದಾರಿಯಲ್ಲಿ ಹಿಂದೆ ಹಿಂದೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ನನ್ನ ಜಾಗವನ್ನು ಅಜ್ಜಿಗೆ ಬಿಟ್ಟು ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಬಸ್ಸು ಹೊರಟಿತು. ಅವರು ಕತ್ತು ಆ ಕಡೆ ಈ ಕಡೆ ಹೊರಳಿಸಿ ಮುಂದೆ ನೋಡಲು ಪ್ರಯತ್ನಿಸಿದರು. ಜನರ ತಲೆಗಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಇಲ್ಲಿಂದ ರಸ್ತೆನೇ ಕಾಣಲ್ವಲ್ಲ ಅಕ್ಕೋರೆ. ಇಷ್ಟು ವರ್ಷ ಇಲ್ಲಿ ಕೂತೋರು ಯಾವ ಧೈರ್ಯದ ಮೇಲೆ ನಿದ್ದೆ ಮಾಡ್ತಿದ್ರು?"

ನೀವಿದ್ದಿರಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಆಮೇಲೆ ಹೊಸನಗರದವರೆಗೂ ಪ್ರತಿ ತಿರುವಿನಲ್ಲೂ ಅವರ ಬಲಗಾಲು ಮುಂದಿನ ಸೀಟಿನ ಕೆಳಗೆ, ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು.